ಹೊಸದೇ ಬೇಕು, ಆದರೆ ಹಳೆಯದಾಗಿರಲಿ

ದೊಡ್ಡ ಕಂಪನಿಯೊಂದಕ್ಕೆ ಹೊರಗಿನವರ ಐಡಿಯಾ ಬೇಕಂತೆ. ಕೊಪ್ಪದಲ್ಲಿ ಕೂತ ನನಗೂ ಫಾರಂ ಬಂತು. ಎಸಿ ರೂಮಿನಲ್ಲಿ ಲಕ್ಷಗಟ್ಟಲೆ ಎಣಿಸುವವರಿಗೆ ಹೊಳೆಯದ್ದು ನಮಗೆ ಪುಕ್ಕಟೆ ಹೊಳೆಯಬೇಕು. ಆಗಲಿ.

ಮೊದಲ ಪ್ರಶ್ನೆ: ಇದು ಯಾರೂ ಮಾಡಿರದ ಹೊಸ ಐಡಿಯಾವೇ? ಹೌದು ಎಂದು ಬರೆದೆ. ಐದನೆಯದು: ಈಗಾಗಲೇ ಎಲ್ಲೆಲ್ಲಿ ಯಶಸ್ವಿಯಾಗಿದೆ? ಪುರಾವೆ ಲಗತ್ತಿಸಿ.

ಹುಟ್ಟದ ಕೂಸಿಗೆ ಮಾರ್ಕ್ಸ್ ಕಾರ್ಡು!

ಆಮೇಲೆ ಮೂರು ವರ್ಷದ ಲಾಭದ ಲೆಕ್ಕ, ತಿಂಗಳುವಾರು. ಕೆಳಗೆ ಇರುವೆ ಸಾಲಿನಂಥ ಅಕ್ಷರ: ಸಲ್ಲಿಸಿದ ಐಡಿಯಾ ಕಂಪನಿಯ ಸ್ವತ್ತು, ತಕರಾರು ಬಂದರೆ ಹೊಣೆ ಸಲ್ಲಿಸಿದವರದು. ತಲೆಯ ಮೇಲೆ ಮಾತ್ರ ದಪ್ಪಕ್ಷರ: ‘ಅನಿಶ್ಚಿತತೆಯನ್ನು ಅಪ್ಪಿಕೊಳ್ಳೋಣ!’

ಪಕ್ಕದ ಗೌಡರಿಗೆ ಓದಿ ಹೇಳಿದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಒಲೆಗೆ ಸೌದೆ ತುರುಕುತ್ತಿದ್ದರು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು, ಹೊಗೆಗೆ ಕೆಂಪೇರಿತ್ತು. ಉರಿ ಏರಿದರೂ ಸೊಪ್ಪು ಕೆಟ್ಟಿತು, ಇಳಿದರೂ ಕೆಟ್ಟಿತು. ಸಸಿ ನೆಟ್ಟ ದಿನ ಮಳೆ ಗೊತ್ತಿಲ್ಲ, ರೋಗ ಗೊತ್ತಿಲ್ಲ. ಕಂಪಲಾಪುರದ ಹರಾಜಿನಲ್ಲಿ ಬೇಲ್ ಮುಂದೆ ನಿಂತ ಮೇಲೇ ತಿಳಿಯುವುದು, ಮಗಳ ಮದುವೆ ಈ ವರ್ಷವೋ ಬರುವ ವರ್ಷವೋ ಎಂದು.

“ಅನಿಶ್ಚಿತತೆ ಅಂದ್ರೇನು ಮೇಷ್ಟ್ರೇ?”

ವಿವರಿಸಿದೆ.

“ಓ, ಬೇಸಾಯವಾ” ಅಂದರು.

ಹೊಸದು ಕೇಳಿ ಪುರಾವೆ ಬೇಡುವ ಈ ರೋಗ ಹಳೆಯದು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಕಡಲಲ್ಲಿ ರೇಖಾಂಶ ಗುರುತಿಸಿದವರಿಗೆ 20,000 ಪೌಂಡ್ ವರೆಗೆ ಬಹುಮಾನ ಎಂದು ಸಾರಿತು. ಅದಕ್ಕೊಂದು ಗಡಿಯಾರ ಮಾಡಿ ತೋರಿಸಿದವನು ಬಡಗಿಯ ಮಗ ಜಾನ್ ಹ್ಯಾರಿಸನ್. ಗಡಿಯಾರ ಸಮುದ್ರ ದಾಟಿ ಪಾಸಾಯಿತು. ಪಂಡಿತರು ಇನ್ನೊಂದು ಪರೀಕ್ಷೆ ಎಂದರು. ಅದೂ ಆಯಿತು, ಮತ್ತೊಂದು ಷರತ್ತು ಬಂತು. ಬಾಕಿ ದುಡ್ಡು ಕೈಗೆ ಬಂದದ್ದು 1773ರಲ್ಲಿ. ಮುದುಕನಿಗೆ 80.

ನೆಟ್‌ಫ್ಲಿಕ್ಸ್ ವಾಸಿ, ಸಿನಿಮಾ ಶಿಫಾರಸಿನ ಸೂತ್ರಕ್ಕೆ ಇಟ್ಟ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದವರಿಗೆ 10 ಲಕ್ಷ ಡಾಲರ್ ಕೊಟ್ಟೇ ಬಿಟ್ಟಿತು. ಗೆದ್ದ ಸೂತ್ರವನ್ನು ಪೂರ್ತಿ ಬಳಸಲು ಮಾತ್ರ ಹೋಗಲಿಲ್ಲ. ಅಷ್ಟು ಕೆಲಸ ಗಿಟ್ಟುವುದಿಲ್ಲವಂತೆ. ಮದುವೆ ಮಾಡಿಕೊಂಡು ಹೆಣ್ಣನ್ನು ತವರಲ್ಲೇ ಬಿಟ್ಟ ಹಾಗೆ.

“ಅದಿರ್ಲಿ, ದುಡ್ಡೆಷ್ಟು ಕೊಡ್ತಾರಂತೆ?” ಗೌಡರು ಬೂದಿ ಎಳೆಯುತ್ತಾ ಕೇಳಿದರು.

ಫಾರಂ ತಿರುಗಿಸಿದೆ. ಬಹುಮಾನದ ಕಾಲಂ ಇತ್ತು. ಎದುರಿಗೆ ಬರೆದಿತ್ತು: ಪರಿಸ್ಥಿತಿ ನೋಡಿಕೊಂಡು ತಿಳಿಸಲಾಗುವುದು.