ಘಟ್ಟದ ಗಡಿರೇಖೆಯವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಜಿಲ್ಲಾ ಗಡಿರೇಖೆಯವರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಂಚಿನಲ್ಲಿ ನಿಂತು ಉಡುಪಿ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳನ್ನು ಶಿವಮೊಗ್ಗದಿಂದ ಹಗಲಿರುಳೂ ಬೇರೆ ಮಾಡುತ್ತಿರುವ ತಮಗೆ ಹೆಗ್ಗೋಡಿನಿಂದ ನಮಸ್ಕಾರಗಳು. ತಾವು ಕಣ್ಣಿಗೆ ಕಾಣುವವರಲ್ಲ. ಆದರೂ ಕಾಡು, ಹೊಳೆ, ಘಾಟಿ ರಸ್ತೆ ಯಾವುದಕ್ಕೂ ಬಗ್ಗದ ಸರ್ಕಾರಿ ಕಡತ ತಮ್ಮೆದುರು ಬಂದಾಗ ಮಾತ್ರ ಕೈಕಟ್ಟಿ ನಿಲ್ಲುತ್ತದೆ. ತಮ್ಮ ಪೂರ್ವವೈಭವವೂ ನಮಗೆ ಗೊತ್ತು. 1956ರ ನವೆಂಬರ್ 1ರವರೆಗೆ ಘಟ್ಟದ ಕೆಳಗೆ ಮದ್ರಾಸ್ ರಾಜ್ಯ, ಸಿದ್ದಾಪುರದ ಕಡೆ ಮುಂಬಯಿ ರಾಜ್ಯ, ಈಚೆಗೆ ಮೈಸೂರು ಇದ್ದ ಕಾಲದಲ್ಲಿ ತಾವು ರಾಜ್ಯದ ಗಡಿಯೆಂಬ ದೊಡ್ಡ ಹುದ್ದೆಯಲ್ಲಿದ್ದಿರಿ. ಏಕೀಕರಣ ತಮಗೆ ಹಿಂಬಡ್ತಿ ಕೊಟ್ಟಿತು. ಅದಾಗಿ ಕೆಲವೇ ತಿಂಗಳಿಗೆ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಸುತ್ತಲಿನ ಊರುಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗದ ಮೂಲ ಹುಡುಕಿದರು. ಅಂದರೆ ಮಂಗನ ಕಾಯಿಲೆಯ ಚರಿತ್ರೆಯ ಮೊದಲ ಪುಟದಲ್ಲೇ ಇರುವುದು ಹೊರಗಿನವರು ಬಂದು ಮಾಡಿದ ನೆರವು. ತಮ್ಮ ಅಪ್ಪಣೆ ಕೇಳಿದ ಉಲ್ಲೇಖ ಅಲ್ಲಿಲ್ಲ.

ತಮ್ಮ ಆಡಳಿತವನ್ನು ಉಲ್ಲಂಘಿಸುತ್ತಿರುವವರ ಬಗ್ಗೆ ಮೊದಲು ದೂರು ಕೊಡಬೇಕಾಗಿದೆ. ಒಂದನೇ ಆರೋಪಿ ಉಣುಗು. ಕಾಯಿಲೆಯಿಂದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲ ನೆಲಕ್ಕೆ ಉದುರುತ್ತವೆ. ದರಕು ಗುಡಿಸಲು, ಸೊಪ್ಪು ತರಲು, ದನ ಹುಡುಕಲು ಬೆಟ್ಟಕ್ಕೆ ಹೋದವರನ್ನು ಕಚ್ಚುತ್ತವೆ. ಮೊದಮೊದಲು ಸೊರಬ, ಸಾಗರದ ಸುತ್ತಮುತ್ತ ಇದ್ದ ರೋಗ ಆಮೇಲೆ ಉತ್ತರ ಕನ್ನಡ ಸೇರಿತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಕಾಣಿಸಿತು. ಕಳೆದ ದಶಕದಲ್ಲಿ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. ಇಷ್ಟು ದೂರದ ಪ್ರವಾಸದಲ್ಲಿ ಒಂದೇ ಒಂದು ಉಣುಗು ಕೂಡ ತನ್ನ ಜಿಲ್ಲಾ ಆರೋಗ್ಯಾಧಿಕಾರಿಯಿಂದ ನಿರಾಕ್ಷೇಪಣಾ ಪತ್ರ ಪಡೆದಿಲ್ಲ. ಇದು ಅಶಿಸ್ತಿನ ಪರಮಾವಧಿ ಎಂಬುದನ್ನು ತಾವೂ ಒಪ್ಪುತ್ತೀರಿ.

ಎರಡನೇ ಆರೋಪಿ ರೋಗಿ. 2018-19ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿ ಸಾವುಗಳಾದಾಗ, ಸ್ಥಿತಿ ಗಂಭೀರವಾದವರನ್ನು ಜನ ಕರೆದೊಯ್ದದ್ದು ಘಟ್ಟದ ಕೆಳಗಿನ ಮಣಿಪಾಲಕ್ಕೆ. ಅದೇನೂ ಹೊಸ ದಾರಿಯಲ್ಲ. ಹೊಸನಗರದವರಿಗೆ ಹುಲಿಕಲ್ ಘಾಟಿ, ತೀರ್ಥಹಳ್ಳಿಯವರಿಗೆ ಆಗುಂಬೆ, ಸಾಗರದವರಿಗೆ ಕೊಲ್ಲೂರಿನ ಇಳಿಜಾರು: ದೊಡ್ಡ ಕಾಯಿಲೆಯೆಂದರೆ ಕೆಳಗಿಳಿಯುವುದು ಈ ಸೀಮೆಯ ರೂಢಿ. ಸಿದ್ದಾಪುರದವರಿಗೂ ತಮ್ಮದೇ ಜಿಲ್ಲಾ ಕೇಂದ್ರವಾದ ಕಾರವಾರಕ್ಕಿಂತ ಸಾಗರ ಎಷ್ಟೋ ಹತ್ತಿರ. ರೋಗಿ, ಅವರ ಮನೆಯವರು, ಆಂಬುಲೆನ್ಸ್ ಚಾಲಕ, ಕೆಳಗೆ ಕಾಯುವ ವೈದ್ಯರು, ಇವರಾರೂ ತಮ್ಮನ್ನು ಲೆಕ್ಕಕ್ಕೆ ಇಟ್ಟವರಲ್ಲ. ತಮ್ಮ ಮರ್ಯಾದೆ ಕಾಯುತ್ತಿರುವುದು ಹಣ, ಮಾಹಿತಿ, ದಾಸ್ತಾನು, ಈ ಮೂರು ಮಾತ್ರ. ಬಿಲ್ಲು ಯಾವ ಜಿಲ್ಲೆಯ ಲೆಕ್ಕಕ್ಕೆ? ಘಟ್ಟದ ಮೇಲೆ ಸತ್ತ ಮಂಗದ ವರದಿ ಕೆಳಗಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಂದು ತಲುಪಬೇಕು? ಇಲ್ಲಿ ಉಳಿದ ಉಣುಗು ನಿವಾರಕ ತೈಲ ಅಲ್ಲಿಗೆ ಹೋಗಬಹುದೇ? ಅರಳಗೋಡಿನ ಹೊತ್ತಿನಲ್ಲಿ ಚಿಕಿತ್ಸೆಯ ವೆಚ್ಚ ಭರಿಸುವುದಾಗಿ ಸರ್ಕಾರ ಹೇಳಿತು, ಸರಿ. ಆದರೆ ರೋಗಿಗಳು ಮೊದಲು ಘಾಟಿ ಇಳಿದರು, ಆ ಮಾತು ಆಮೇಲೆ ಇಳಿಯಿತು. ಸಂಕಟದ ನಡುವೆ ಸಾಧ್ಯವಾದ ನಿರ್ಧಾರ ಅದಕ್ಕೂ ಮುಂಚೆ ಏಕೆ ಅಸಾಧ್ಯವಾಗಿತ್ತು ಎಂಬುದೇ ನಮ್ಮ ಪ್ರಶ್ನೆ.

ಗಡಿ ದಾಟುವುದು ನಮ್ಮ ನಾಡಿಗೆ ತಿಳಿಯದ ವಿದ್ಯೆಯಾಗಿದ್ದರೆ ಸುಮ್ಮನಿರುತ್ತಿದ್ದೆವು. ಅಡಿಕೆಯನ್ನು ನೋಡಿ. 1973ರಲ್ಲಿ ಬೆಲೆ ಕುಸಿತದಿಂದ ಬೆಳೆಗಾರನನ್ನು ಕಾಪಾಡಲು ಕರ್ನಾಟಕ ಮತ್ತು ಕೇರಳ ಒಟ್ಟಾಗಿ ಕ್ಯಾಂಪ್ಕೋ ಕಟ್ಟಿದವು. ಒಂದಲ್ಲ, ಎರಡು ರಾಜ್ಯಗಳ ಗಡಿ ಮೀರಿದ ಸಹಕಾರ ಅದು. ಯಾರು ಸದಸ್ಯರು, ಯಾರ ಪಾಲು ಎಷ್ಟು, ನಷ್ಟ ಯಾರದು ಎಂಬುದೆಲ್ಲ ಕಾಗದದ ಮೇಲಿದೆ. ಹೀಗೆ ಮೂಟೆಯೊಳಗಿನ ಚಾಲಿ ಅಡಿಕೆಗೆ ಅರ್ಧ ಶತಮಾನದಿಂದ ಇರುವ ಭದ್ರತೆ ಆ ಮೂಟೆ ಹೊತ್ತು ಜ್ವರ ಬಂದು ಮಲಗಿದವನಿಗೆ ಇಲ್ಲ. ತೀರ್ಥಹಳ್ಳಿಯ ರೋಗಿ ತನ್ನನ್ನು ಕೊಳೆರೋಗ ತಗುಲಿದ ಗೊನೆಯೆಂದು ಘೋಷಿಸಿಕೊಂಡರೆ ಬೇಗ ಪರಿಹಾರ ಸಿಗಬಹುದೇನೋ. ಈ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಬೇಕು.

ತಮ್ಮ ಪರವಾಗಿ ವಾದಿಸುವ ಸಜ್ಜನರು ಕೇಳುತ್ತಾರೆ: ನಾಲ್ಕೂ ಜಿಲ್ಲೆಗಳು ಒಂದೇ ರಾಜ್ಯದವು, ಇಲಾಖೆ ಒಂದೇ, ಖಜಾನೆ ಒಂದೇ, ಜಿಲ್ಲೆ ಜಿಲ್ಲೆಗಳ ನಡುವೆ ಒಪ್ಪಂದವೇಕೆ, ಬೆಂಗಳೂರು ಒಂದು ಆದೇಶ ಹೊರಡಿಸಿದರೆ ಸಾಲದೇ? ಸಾಲುತ್ತಿತ್ತು, ಆದೇಶ ಕಾಯಿಲೆಗಿಂತ ಮುಂಚೆ ಹೊರಟಿದ್ದರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಗೊಂದು ಪ್ರಾಧಿಕಾರ, ಒಂದು ಯೋಜನೆ ಇರಬೇಕೆಂದಿದೆ. ಆದರೆ ಜಿಲ್ಲೆಗೊಂದು ಯೋಜನೆ ಎಂದಾಗಲೇ ಯೋಜನೆ ತಮ್ಮ ಪಾದದ ಬಳಿ ಮುಗಿಯುತ್ತದೆ. ಅಮೆರಿಕದ ರಾಜ್ಯಗಳು ಪರಸ್ಪರ ನೆರವಿನ ಒಪ್ಪಂದಕ್ಕೆ 1996ರಲ್ಲಿ ಅಲ್ಲಿನ ಸಂಸತ್ತಿನ ಒಪ್ಪಿಗೆ ಪಡೆದವು. ನೆರವು ಕೇಳಿದವರು ಖರ್ಚು ತುಂಬಬೇಕು, ಒಂದು ರಾಜ್ಯದ ವೈದ್ಯರ ಪರವಾನಗಿ ಇನ್ನೊಂದರಲ್ಲಿ ಸಲ್ಲಬೇಕು ಎಂಬುದನ್ನೆಲ್ಲ ಬಿರುಗಾಳಿಗೂ ರೋಗಕ್ಕೂ ಮುಂಚಿತವಾಗಿಯೇ ಬರೆದುಕೊಂಡರು. ಬೇರೆಬೇರೆ ಕಾನೂನು, ಬೇರೆಬೇರೆ ಖಜಾನೆ ಇದ್ದವರಿಗೆ ಸಾಧ್ಯವಾದದ್ದು ಒಂದೇ ಖಜಾನೆಯವರಿಗೆ ಇನ್ನೂ ಸುಲಭವಾಗಬೇಕು. ಖಜಾನೆ ಒಂದೇ ಎಂಬ ವಾದ ಒಪ್ಪಂದಕ್ಕೆ ಅಡ್ಡಿಯಾಗುವುದಿಲ್ಲ, ಅದರ ದಾರಿಯನ್ನೇ ಸುಗಮ ಮಾಡುತ್ತದೆ.

ಕೊಟ್ಟರೆ ನಮಗೇ ಕಡಿಮೆಯಾಗುತ್ತದೆ ಎಂಬ ಭಯ ಇದಕ್ಕಿಂತ ನಿಜವಾದದ್ದು. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲೆ ಕಾಡಿಗೆ ಹೋಗುವವರ ಕೈಯಲ್ಲಿ ಉಳಿದದ್ದು ಮೈಗೆ ಹಚ್ಚುವ ತೈಲ. ಅದನ್ನು ಕೊಡಲು ಹಿಂಜರಿಯುವುದು ಸಹಜವೇ. ಆದರೆ ಈ ಕಾಯಿಲೆ ಎಲ್ಲ ಊರುಗಳಲ್ಲಿ ಒಂದೇ ವರ್ಷ ಒಂದೇ ರಭಸದಲ್ಲಿ ಏಳುವುದಿಲ್ಲ. ಒಂದು ಬೇಸಿಗೆ ಅರಳಗೋಡು, ಇನ್ನೊಂದು ಬೇಸಿಗೆ ಸಿದ್ದಾಪುರದ ಹಳ್ಳಿಗಳು. ಒಬ್ಬರ ಗೋದಾಮಿನಲ್ಲಿ ಸುಮ್ಮನೆ ಕುಳಿತ ತೈಲ ಇನ್ನೊಬ್ಬರಿಗೆ ಅಂದೇ ಬೇಕಾಗಿರುತ್ತದೆ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕೊಡಬೇಕು, ಇಷ್ಟು ದಿನದೊಳಗೆ ಮರುಪೂರಣವಾಗಬೇಕು ಎಂದು ಬರೆದರೆ ಭಯಕ್ಕೆ ಉತ್ತರ ಸಿಗುತ್ತದೆ. ಕೊಡುವುದು ಒಂದೇ ಕಡೆಯಿಂದಲೂ ಅಲ್ಲ: ಕೆಳಗೆ ತೀವ್ರ ನಿಗಾ ಘಟಕಗಳಿವೆ, ಮೇಲೆ, ಶಿವಮೊಗ್ಗದಲ್ಲಿ, ಇದೇ ರೋಗ ಪತ್ತೆಯಲ್ಲಿ ಪಳಗಿದ ಪ್ರಯೋಗಾಲಯವಿದೆ, ಸತ್ತ ಮಂಗ ಕಂಡ ಕೂಡಲೇ ಏನು ಮಾಡಬೇಕೆಂದು ತಿಳಿದ ಆಶಾ ಕಾರ್ಯಕರ್ತೆಯರಿದ್ದಾರೆ.

ಕೊನೆಯದಾಗಿ ತಾವು ಬಹಳ ಹೆಮ್ಮೆಪಡುವ, ಕೇರಳದ ಗಡಿಯಲ್ಲಿರುವ ತಲಪಾಡಿಯ ವಿಷಯ. 2020ರ ಮಾರ್ಚಿನಲ್ಲಿ ಕೊರೊನಾ ತಡೆಯಲೆಂದು ಕರ್ನಾಟಕ ಕಾಸರಗೋಡಿನ ರಸ್ತೆಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಆ ಜಿಲ್ಲೆಯ ರೋಗಿಗಳು, ಕನ್ನಡಿಗರೂ ಸೇರಿ, ಆಚೆ ಉಳಿದರು, ದಾಟಲಾಗದೆ ಸತ್ತವರಿದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಲು ಹೇಳಿತು. ಸುಪ್ರೀಂ ಕೋರ್ಟಿನ ಮುಂದೆ ಎರಡೂ ಸರ್ಕಾರಗಳು ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದಕ್ಕೆ ಒಪ್ಪಿದ ಮೇಲೆ ಏಪ್ರಿಲ್ 7ಕ್ಕೆ ಪ್ರಕರಣ ಮುಗಿಯಿತು. ಸೋಂಕು ಹರಡುವಾಗ ಗಡಿ ಬಿಗಿಯಾಗಲೇಬೇಕಲ್ಲವೇ ಎನ್ನುವವರಿಗೆ ಉತ್ತರ ಇದರಲ್ಲೇ ಇದೆ: ಸೋಂಕಿನ ಕಾಲದಲ್ಲೂ ತುರ್ತು ರೋಗಿಗೆ ದಾರಿ ಬಿಡುವ ನಿಯಮ ಬರೆಯಲು ಸಾಧ್ಯವಾಯಿತು, ಜೀವಗಳು ಹೋದ ಮೇಲೆ. ಮಂಗನ ಕಾಯಿಲೆಯ ವಿಷಯದಲ್ಲಂತೂ ಆ ನೆಪಕ್ಕೂ ಜಾಗವಿಲ್ಲ, ಏಕೆಂದರೆ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಘಾಟಿ ಇಳಿಯುವ ರೋಗಿ ಕೆಳಗಿನವರಿಗೆ ಕೊಡುವುದು ಕೆಲಸವನ್ನೇ ಹೊರತು ಕಾಯಿಲೆಯನ್ನಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ನಾಲ್ಕು ಜಿಲ್ಲಾಧಿಕಾರಿಗಳು ಸಹಿ ಹಾಕಿದ ಎರಡು ಪುಟ ಸಾಕು. ಗಡಿಯಾಚೆ ದಾಖಲಾದ ರೋಗಿಯ ಬಿಲ್ಲು ಯಾವ ಲೆಕ್ಕಕ್ಕೆ ಎಂಬುದು ದಾಖಲಾಗುವ ಮುನ್ನವೇ ನಿಶ್ಚಯವಾಗಿರಬೇಕು. ಮಂಗ ಸತ್ತ ಸುದ್ದಿ ಅದೇ ದಿನ ನೆರೆಯ ತಾಲ್ಲೂಕಿಗೆ ಹೋಗಬೇಕು. ತೈಲ, ಆಂಬುಲೆನ್ಸ್, ಪರೀಕ್ಷೆಯ ಸರದಿ ಎಲ್ಲರಿಗೂ ಸಾಮಾನ್ಯವಾಗಬೇಕು. ಕಾಯಿಲೆ ಏಳುವುದು ಡಿಸೆಂಬರಿನ ಆಸುಪಾಸು. ಸಹಿ ದೀಪಾವಳಿಗೆ ಮುಂಚೆ ಬೀಳಬೇಕು. ಕಂದಾಯ, ಚುನಾವಣೆ, ವರ್ಗಾವಣೆಗಳಲ್ಲಿ ತಮ್ಮ ಅಧಿಕಾರ ಅಬಾಧಿತವಾಗಿ ಮುಂದುವರಿಯಲಿ. ಒಪ್ಪದಿದ್ದರೆ, ಮುಂದಿನ ಬೇಸಿಗೆಯಿಂದ ಉಣುಗುಗಳನ್ನು ತಮ್ಮ ಈಚೆಗೇ ತಡೆದು ನಿಲ್ಲಿಸುವ ಪೂರ್ಣ ಹೊಣೆಯನ್ನು ತಾವೇ ಲಿಖಿತವಾಗಿ ವಹಿಸಿಕೊಳ್ಳತಕ್ಕದ್ದು.

ಇಂತಿ,
ಘಟ್ಟದ ಮೇಲಿನ ಓರ್ವ ನಾಗರಿಕ
ಹೆಗ್ಗೋಡು, ಸಾಗರ ತಾಲ್ಲೂಕು

ಪ್ರತಿ: ಶಿವಮೊಗ್ಗ, ಉಡುಪಿ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ, ಮಾಹಿತಿಗಾಗಿ ಮಾತ್ರವಲ್ಲ, ಸಹಿಗಾಗಿ.