ಗೌಡರ ಮೀನಿನ ಲೆಕ್ಕ

ಜೆಸಿಬಿ ಇನ್ನೂ ಬಂದಿಲ್ಲ, ಪಕ್ಕದ ತೋಟದ ಗೌಡರು ಆಗಲೇ ಮೀನು ಮಾರಿ ದುಡ್ಡು ಎಣಿಸುತ್ತಿದ್ದಾರೆ. ನಿನ್ನೆ ಸಂಜೆ ಟವೆಲನ್ನು ಬೇಲಿಗೆ ಹಾಕಿ ಶುರುಹಚ್ಚಿಕೊಂಡರು.

“70 ಅಡಿಗೆ 70 ಅಡಿ ಕೃಷಿ ಹೊಂಡ ಮೇಷ್ಟ್ರೇ. 2,000 ಮರಿ ಬಿಡ್ತೀನಿ. ಒಂದೊಂದು ಒಂದೇ ಕೆಜಿ ಬಂದ್ರೂ ಎರಡು ಟನ್ ಆಯ್ತಲ್ಲ!”

“ಹೆಕ್ಟೇರಿಗೇ ಸುಮಾರು 5,000 ಮರಿ ಬಿಡೋದು ರೂಢಿ ಗೌಡ್ರೇ. ನಿಮ್ಮದು ನಾಲ್ಕೂವರೆ ಗುಂಟೆ. 250 ಬಿಡಿ, ಸಾಕು. ಜಾಸ್ತಿ ಬಿಟ್ರೆ ಯಾವುದೂ ಮೈ ತುಂಬ್ಕೊಳ್ಳಲ್ಲ.”

ಗೌಡರ ಮುಖ ಕೊಬ್ಬರಿ ರೇಟು ಬಿದ್ದ ದಿನದಂತಾಯಿತು. ಆದರೂ ಸೋಲುವ ಆಸಾಮಿಯಲ್ಲ. “ಹೋಗ್ಲಿ, ಒಂದ್ ಸಲ ಮರಿ ತಂದ್ರೆ ಸಾಕಲ್ಲ. ಮುಂದಿನ ವರ್ಷ ಅವೇ ಮೊಟ್ಟೆ ಇಡ್ತವೆ.”

ಇಡುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯ ಮೀನುಗಳು. ನಿಂತ ನೀರಿನಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದಕ್ಕೂ ಮೊದಲು ಮರಿ ಬೇಕೆಂದರೆ ಮಳೆಗಾಲದಲ್ಲಿ ಹೊಳೆಗೇ ಬಲೆ ಹಾಕಬೇಕಿತ್ತು. ಇಷ್ಟೆಲ್ಲ ಹೇಳಿದೆ. ಗೌಡರು, “ಇಂಜೆಕ್ಷನ್ನಾ? ಮೀನಿಗಾ?” ಎಂದು ಬೇಲಿ ಅಲ್ಲಾಡುವಂತೆ ನಕ್ಕರು.

ನನ್ನ ಚಿಂತೆ ಮರಿಯದ್ದಲ್ಲ, ನೀರಿನದು. ಮೀನು ಕಿಲೋ ತೂಗಲು ಹೆಚ್ಚುಕಡಿಮೆ ವರ್ಷವೇ ಬೇಕು. ನಮ್ಮ ಕಡೆ ಮಾರ್ಚಿಗೆಲ್ಲ ಹೊಂಡದ ತಳ ಕಾಣುತ್ತದೆ. ತೆಂಗಿಗೆ ಬಿಟ್ಟು ಮಿಕ್ಕಿದ್ದರಲ್ಲಿ ಮೀನು ಎಂದರೆ ಬೇಸಿಗೆಗೆ ಎರಡೂ ಇಲ್ಲ. ಗೌಡರು ಇದಕ್ಕೆ ಮಾತ್ರ ಉತ್ತರ ಕೊಡದೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು.

ನೀರು ನಿಂತರೂ ಕೆಲಸವಿದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರಿಲ್ಲ, ಕೆಸರಿಲ್ಲದೆ ತಳ ಕೆದಕಿ ತಿನ್ನುವ ಮೃಗಾಲ್‌ಗೆ ಮೇವಿಲ್ಲ. ತಳಕ್ಕೊಂದಿಷ್ಟು ಮಣ್ಣು ಹರಡಬೇಕು. ಸಗಣಿ ಹಾಕಿದರೆ ನೀರು ಹಸಿರಾಗುತ್ತದೆ, ಆ ಹಸಿರೇ ಮೀನಿಗೆ ಊಟ. ಎಷ್ಟು ಹಸಿರು? ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮರೆಯಾದರೆ ಹದ. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಾದರೆ ಸಗಣಿ ನಿಲ್ಲಿಸಬೇಕು. ಹಗಲು ಆಮ್ಲಜನಕ ಬಿಡುವ ಅದೇ ಪಾಚಿ ರಾತ್ರಿಯೆಲ್ಲ ಅದನ್ನು ಎಳೆದುಕೊಳ್ಳುತ್ತದೆ. ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಹಸಿವೆಂದುಕೊಂಡು ಹಿಂಡಿ ಎರಚಬಾರದು. ಪಂಪು ಹಾಕಿ ಎತ್ತರದಿಂದ ನೀರು ಧುಮುಕಿಸಬೇಕು.

“ಬಾತುಕೋಳೀನೂ ಬಿಡಬಹುದಾ?” ಗೌಡರು ಮತ್ತೆ ಗೆಲುವಾದರು.

ಅಷ್ಟರಲ್ಲಿ ಹಟ್ಟಿ ಕಡೆಯಿಂದ ಅವರ ಹೆಂಡತಿ ಬಂದರು. “ಬಾತುಕೋಳಿ ಆಮೇಲಾಗ್ಲಿ. ಆ ಪ್ಲಾಸ್ಟಿಕ್ ಮೇಲೆ ಜಾರಿದ್ರೆ ಗಟ್ಟಿಮುಟ್ಟಾದ ಗಂಡಸರೂ ಹತ್ತಿ ಬರಕ್ಕಾಗಲ್ಲ, ಮೊಮ್ಮಕ್ಕಳು ರಜಕ್ಕೆ ಬರ್ತವೆ. ಸುತ್ತ ಬೇಲಿ, ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ. ಅದಾಗೋವರೆಗೆ ಒಂದ್ ಕೊಡ ನೀರೂ ಬಿಡಂಗಿಲ್ಲ. ಏನ್ ಮೇಷ್ಟ್ರೇ, ನೀವಾದ್ರೂ ಹೇಳ್ಬಾರ್ದಾ?”

ಗೌಡರು ನನ್ನತ್ತ ನೋಡಿದರು. ನಾನು ಅವರ ಹೆಂಡತಿಯ ಪಕ್ಷ ಸೇರಿಕೊಂಡೆ.