ಬೇಳೆ ಬೇಯುವ ಊರು

ನಿವೃತ್ತನಾದ ಮೂರನೇ ತಿಂಗಳಿಗೆ ನನಗೆ ಬೆಟ್ಟದೂರಿನ ಹುಚ್ಚು ಹಿಡಿಯಿತು. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕನ್ನೇ ನೋಡಿದವನಿಗೆ ಇನ್ನುಳಿದ ಕಾಲವನ್ನು ಒಂದು ಗುಡ್ಡ ನೋಡುತ್ತ ಕಳೆಯೋಣ ಅನ್ನಿಸಿದರೆ ತಪ್ಪೇನು? ಮಡಿಕೇರಿ ಎಂದೆ. ಸೈಟಿನ ಬೆಲೆ ಕೇಳಿ ಸುಮ್ಮನಾದೆ. ಚಿಕ್ಕಮಗಳೂರು ಎಂದೆ. ಅಲ್ಲಿ ಈಗಾಗಲೇ ನಮ್ಮ ಬೆಂಗಳೂರಿನ ವಿಜಯನಗರದ ಅರ್ಧ ಜನ ಶನಿವಾರ ಭಾನುವಾರ ಇರುತ್ತಾರಂತೆ. ಇಲ್ಲಿ ತಪ್ಪಿಸಿಕೊಂಡವರ ಕೈಗೆ ಅಲ್ಲಿ ಸಿಕ್ಕಿಬೀಳುವುದು ಯಾವ ನ್ಯಾಯ?

ಕೊನೆಗೆ ನಿಘಂಟು ನನ್ನ ಕೈಹಿಡಿಯಿತು. ದುರ್ಗ ಎಂದರೆ ಹೋಗುವುದಕ್ಕೆ ಕಷ್ಟವಾದದ್ದು. ಎಂಥ ಸೊಗಸಾದ ಮಾತು! ನೆಂಟರು, ಸೊಸೈಟಿ ಮೀಟಿಂಗು, ಗೃಹಪ್ರವೇಶದ ಕರೆಯೋಲೆ ಯಾವುದೂ ಸುಲಭಕ್ಕೆ ತಲುಪದ ಜಾಗಕ್ಕೆ ನಮ್ಮ ಹಿರಿಯರು ಆಗಲೇ ಹೆಸರಿಟ್ಟಿದ್ದಾರೆ. ಒಂದಲ್ಲ, ಎರಡು ಇವೆ: ಚಿತ್ರದುರ್ಗ, ಹೊಸದುರ್ಗ. ಜೊತೆಗೆ ಹಿರಿಯೂರು, ಹೊಳಲ್ಕೆರೆ. ಎಲ್ಲವೂ ಒಂದೇ ಜಿಲ್ಲೆ, ಎಲ್ಲ ಕಡೆಗೂ ಗುಡ್ಡ, ಯಾವುದಕ್ಕೂ ರೆಸಾರ್ಟಿನವರ ಕಣ್ಣು ಅಷ್ಟಾಗಿ ಬಿದ್ದಿಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ನನ್ನಾಕೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ತವರು ಹೊಳಲ್ಕೆರೆ. "ನಾವು ನೀರು ಹೊತ್ತೂ ಹೊತ್ತೂ ಸಾಕಾಗಿ ಬಿಟ್ಟುಬಂದ ಸೀಮೆಗೆ ನೀವು ಹುಡುಕ್ಕೊಂಡು ಹೋಗ್ತೀರಲ್ಲ ರೀ," ಎಂದಳು. ಆಮೇಲೆ ದಂಟನ್ನು ಒಂದು ಕಡೆ ಎಲೆಯನ್ನು ಒಂದು ಕಡೆ ಹಾಕುತ್ತಲೇ, "ಹೋಗೋಣ. ಆದರೆ ಬೆಟ್ಟ ನೀವು ನೋಡಿ. ನೀರು ನಾನು ನೋಡ್ತೀನಿ. ಬೇಳೆ ಬೇಯದ ಊರಲ್ಲಿ ನಾನಂತೂ ಇರೋಳಲ್ಲ," ಎಂದು ತೀರ್ಪು ಕೊಟ್ಟಳು. ಹೊರಡುವ ದಿನ ಅವಳ ಚೀಲದಲ್ಲಿ ನಾಲ್ಕು ಖಾಲಿ ಬಾಟಲಿಗಳಿದ್ದವು.

ಹೊರಡುವ ಮೊದಲೇ ಒಂದು ಮುಖಭಂಗವಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಚಿತ್ರದುರ್ಗ ಸುಮಾರು 730. ಅಂದರೆ ನಾನು ಬೆಟ್ಟದೂರಿಗೆ ಹೋಗಬೇಕಾದರೆ ಇಳಿಯಬೇಕು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮೊಮ್ಮಗ ಮೊಬೈಲಿನಲ್ಲಿ ನೋಡಿ ಎಲ್ಲರಿಗೂ ಹೇಳಿದ.

ಮೊದಲು ಸಿಕ್ಕಿದ್ದು ಹಿರಿಯೂರು. ಹೆದ್ದಾರಿಯ ಲಾರಿಗಳ ನಡುವೆ ನಿಂತು ನೋಡಿದರೆ ಅದು ನನ್ನ ಕನಸಿನ ಊರಾಗುವ ಲಕ್ಷಣ ಕಾಣಲಿಲ್ಲ. ಆದರೆ ಅಲ್ಲಿಂದ ಮಾರಿಕಣಿವೆಗೆ ಹೋದಾಗ ಮಾತು ನಿಂತಿತು. ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುತ್ತಿದ್ದ ಕಂಡಿಗೆ ಕಲ್ಲಿನ ಗೋಡೆ ಕಟ್ಟಿ ಕೂರಿಸಿದ್ದಾರೆ. ಕಣಿವೆ ಮಾರಮ್ಮನಿಂದ ಮಾರಿಕಣಿವೆ. ಮೈಸೂರಿನ ಮಹಾರಾಣಿಯವರಿಂದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕೆಲಸ. ಸಾಗರವೇನೋ ಸರಿ, ತುಂಬಬೇಕಲ್ಲ? 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಅಷ್ಟರಲ್ಲಿ ಒಂದಿಡೀ ತಲೆಮಾರು ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, "ಕೋಡಿ ಅಂದ್ರೆ ಹೆಂಗಿರ್ತದೆ" ಎಂದು ಕೇಳಿಕೊಂಡೇ ಕಣ್ಮುಚ್ಚಿತು. ಸಾಲ ವಸೂಲಿಗೆ ಹೀಗೆ ಕಾದ ಬ್ಯಾಂಕು ಒಂದೂ ಇಲ್ಲ. 2025ರಲ್ಲಿ ಮತ್ತೆ ಕೋಡಿ ಬಿತ್ತು. ಈಗ ಜನಕ್ಕೆ ಅದು ಅಭ್ಯಾಸವಾಗುತ್ತಿರಬೇಕು.

ನಾನು ಗುಡ್ಡ ನೋಡುತ್ತ ನಿಂತಿದ್ದಾಗ ನನ್ನಾಕೆ ಕಾಣಲಿಲ್ಲ. ಊಟಕ್ಕೆ ಹಿರಿಯೂರಿಗೆ ಹಿಂತಿರುಗಿದ ಮೇಲೆ ತಿಳಿಯಿತು, ಕಟ್ಟೆಯ ಮೇಲಿದ್ದ ಯಾರೋ ಹೆಂಗಸಿನ ಹತ್ತಿರ ಹೋಗಿ ಯಾವ ಬೀದಿಯ ಬೋರ್‌ವೆಲ್ ನೀರಿಗೆ ಕಾಫಿ ಒಡೆಯುತ್ತದೆ ಎಂದು ವಿಚಾರಿಸುತ್ತಿದ್ದಳಂತೆ. ಹೋಟೆಲಿನ ಕೈತೊಳೆಯುವ ನಲ್ಲಿಯಲ್ಲಿ ಮೊದಲ ಬಾಟಲಿ ತುಂಬಿತು. ಬಿಳಿ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ "ಹಿ" ಎಂದು ಬರೆದಳು.

ಚಿತ್ರದುರ್ಗವನ್ನು ಅಲ್ಲಿಯವರು ಬರೀ ದುರ್ಗ ಎನ್ನುತ್ತಾರೆ. ಮಿಕ್ಕವೆಲ್ಲ ದುರ್ಗಗಳೇ ಅಲ್ಲ ಎನ್ನುವ ಹಾಗೆ. ಎಸ್. ನಿಜಲಿಂಗಪ್ಪನವರು ಇಲ್ಲಿ ವಕೀಲಿ ಮಾಡಿ, ಮುಖ್ಯಮಂತ್ರಿಯಾಗಿ, ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ದಿಲ್ಲಿಯ ಬಿಸಿಲನ್ನೆಲ್ಲ ಕಂಡು, ಕೊನೆಗೆ ಇದೇ ಊರಿನ ತಮ್ಮ ಮನೆಗೆ ಮರಳಿದರು. ಚಂದ್ರವಳ್ಳಿಯ ಅಗೆತದಲ್ಲಿ ರೋಮನ್ನರ ನಾಣ್ಯಗಳು ಸಿಕ್ಕಿವೆ. ರೋಮಿನ ದುಡ್ಡು ಬಂದುಹೋದ ಊರಲ್ಲಿ ನನ್ನ ಪಿಂಚಣಿ ನಡೆಯದೇ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಏಳುಸುತ್ತಿನ ಕೋಟೆ ಹತ್ತುವಾಗ ನನ್ನ ಮಂಡಿ ನಿಘಂಟಿನ ಅರ್ಥವನ್ನು ಎರಡನೇ ಸುತ್ತಿಗೇ ಒಪ್ಪಿತು. ಬಂಡೆಗಳೋ, ಯಾವನೋ ದೈತ್ಯ ಮಗು ಆಟ ಮುಗಿಸಿ ಎತ್ತಿಡದೆ ಹೋದ ಹಾಗೆ ಒಂದರ ಮೇಲೊಂದು. ನನಗೆ ಒಂದು ವಿಷಯ ಖಾತ್ರಿಯಾಯಿತು: ಸದ್ದುಗದ್ದಲದಿಂದ ದೂರ ಬೆಟ್ಟದೂರಲ್ಲಿ ನೆಲಸಬೇಕೆಂಬ ಹುಚ್ಚು ನನಗೊಬ್ಬನಿಗೇ ಹಿಡಿದದ್ದಲ್ಲ, ಪಾಳೆಯಗಾರರಿಗೆ ಮೊದಲೇ ಹಿಡಿದಿತ್ತು. ಅವರ ನೆಂಟರು ಕತ್ತಿ ಹಿಡಿದು ಬರುತ್ತಿದ್ದರು, ನಮ್ಮವರು ಸ್ವೀಟ್ ಬಾಕ್ಸ್ ಹಿಡಿದು, ವ್ಯತ್ಯಾಸ ಅಷ್ಟೇ.

"ಇಲ್ಲಿ ನೋಡಿ," ಎಂದು ನನ್ನಾಕೆ ಕರೆದಳು. ಅವಳು ಕೋಟೆ ನೋಡುತ್ತಿರಲಿಲ್ಲ, ಹೊಂಡ ನೋಡುತ್ತಿದ್ದಳು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹರಿದರೆ ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡ. ಕೆಳಗೆ ಊರಲ್ಲಿ ಸಂತೆಹೊಂಡ. ಬಂಡೆಯ ಮೇಲೆ ಬಿದ್ದ ಹನಿಯನ್ನು ಪೋಲು ಮಾಡದೆ ಮೆಟ್ಟಿಲು ಮೆಟ್ಟಿಲಾಗಿ ಊರಿಗೆ ಇಳಿಸಿದ ಲೆಕ್ಕಾಚಾರ. "ಗೋಡೆ ಆಮೇಲೆ ಕಟ್ಟಿರ್ತಾರೆ. ಮೊದಲು ನೀರಿಗೆ ಜಾಗ ಮಾಡ್ಕೊಂಡಿದಾರೆ," ಎಂದಳು, ತನ್ನ ಕಡೆಗೆ ಮದಕರಿನಾಯಕನೇ ಸಾಕ್ಷಿ ಹೇಳಿದವಳಂತೆ. ಓಬವ್ವನ ಕಿಂಡಿಯ ಹತ್ತಿರ ಬಂದಾಗ ನಾನು ಒನಕೆಯ ಬಗ್ಗೆ, ಹೈದರಾಲಿಯ ಸೈನಿಕರ ಬಗ್ಗೆ, ನಾಗರಹಾವು ಚಿತ್ರದ ಬಗ್ಗೆ ಶುರುಮಾಡಿದೆ. ಅವಳು ಪಕ್ಕದ ತಣ್ಣೀರು ದೋಣಿಯ ಕಡೆ ಕೈ ತೋರಿಸಿದಳು. "ಗಂಡ ಉಣ್ಣೋಕೆ ಕೂತಿದ್ದ. ಇವಳು ನೀರಿಗೆ ಬಂದಿದ್ದಳು. ನೀರಿಗೆ ಬರದಿದ್ದರೆ ಕಿಂಡಿ ಯಾರು ನೋಡ್ತಿದ್ರು?" ಐವತ್ತು ವರ್ಷದಿಂದ ಈ ಕಥೆ ಕೇಳುತ್ತಿದ್ದೇನೆ, ಗಂಡ ಊಟಕ್ಕೆ ಕೂತಿದ್ದ ಎಂಬುದರಲ್ಲಿ ನನಗೊಂದು ಚುಚ್ಚು ಇದೆಯೆಂದು ಅಂದೇ ಗೊತ್ತಾದದ್ದು.

ಸಂಜೆ ಜೋಗಿಮಟ್ಟಿಯ ಕಡೆಯ ಗಾಳಿಗಿರಣಿಗಳು ಕಾಣುವ ಒಂದು ಬಾಡಿಗೆ ಮನೆ ನೋಡಿದೆವು. ಮಾಲೀಕರು ಮೊದಲು ನಮ್ಮದು ಯಾವ ಪೈಕಿ ಎಂದು ಸುತ್ತುಬಳಸಿ ಕೇಳಿದರು, ಆಮೇಲೆ ನೇರವಾಗಿ ಕೇಳಿದರು. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ಇವಳು ಕೇಳಿದಾಗ ಮಾತ್ರ ಸುತ್ತುಬಳಸುವ ಸರದಿ ಅವರದಾಯಿತು. "ಸಂಪು ಭಾಳ ದೊಡ್ಡದೈತೆ ಅಮ್ಮ." ಗೋಪಾಲಸ್ವಾಮಿ ಹೊಂಡದ ಪರಂಪರೆ! ಎರಡನೇ ಬಾಟಲಿ ಅದೇ ಸಂಪಿನಿಂದ ತುಂಬಿತು.

ಹೊಸದುರ್ಗಕ್ಕೆ ರೈಲಿನಲ್ಲಿ ಹೋಗಬಹುದೆಂದು ನಂಬಿ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ನಿಘಂಟು ಬೇಕಾಗಿಲ್ಲ. ಆ "ರೋಡ್" ಎಂಬ ಮಾತಿನ ಅರ್ಥ, ಊರು ಇಲ್ಲಿಲ್ಲ, ರಸ್ತೆ ಇದೆ, ಹೋಗಿ ಎಂದು. ನಾವು ಬಸ್ಸಿನಲ್ಲಿ ಹೋದೆವು. ತೆಂಗು, ಅಡಿಕೆ, ಊರ ಹಿಂದೆ ಕೋಟೆ ಇರುವ ಗುಡ್ಡ. ಇದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಗ್ರೀಕರ ಮಾದರಿಯ ಬಯಲು ರಂಗಮಂದಿರವಿದೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ನಾಟಕ ಹೊತ್ತು ನಾಡೆಲ್ಲ ತಿರುಗುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೊದಲ ಅಂಕ ತಪ್ಪಿಸಿಕೊಂಡು ನಾಟಕ ನೋಡುವವನಿಗೆ ಇದಕ್ಕಿಂತ ಬೇಕೇ? ನಾನು ಹೆಚ್ಚು ಕಡಿಮೆ ಅಲ್ಲೇ ಸೋತಿದ್ದೆ. ನನ್ನಾಕೆ ಮಾತ್ರ ಹಾಲುರಾಮೇಶ್ವರಕ್ಕೆ ನಡೆಯಿರಿ ಎಂದಳು. ಅಲ್ಲಿನ ಗಂಗೆಯ ಕೊಳದ ಮುಂದೆ ಕೂತು ಬೇಡಿಕೊಂಡರೆ ನೀರಿನಿಂದ ಕಾಯಿಯೋ ಹೂವೋ ಮೇಲೆ ತೇಲಿಬರುತ್ತದೆ ಎಂಬ ನಂಬಿಕೆ. ಅವಳು ಏನು ಬೇಡಿದಳೋ, ಹೇಳಲಿಲ್ಲ. ಬಾಟಲಿ ಮಾತ್ರ ತೆಗೆಯಲಿಲ್ಲ. ತೀರ್ಥದಲ್ಲಿ ಬೇಳೆ ಬೇಯಿಸಿ ನೋಡಬಾರದಂತೆ. "ಹೊ" ಬಾಟಲಿ ಬಸ್‌ ಸ್ಟ್ಯಾಂಡಿನ ಹತ್ತಿರ ತುಂಬಿತು.

ಕೊನೆಗೆ ಹೊಳಲ್ಕೆರೆ. ಭಾವಮೈದ ಬಸ್ಸಿನ ಬಾಗಿಲಲ್ಲೇ ಚೀಲ ಕಿತ್ತುಕೊಂಡ. ಮೊದಲು ಗಣಪನ ದರ್ಶನ, ಆಮೇಲೆ ಮಿರ್ಚಿ ಮಂಡಕ್ಕಿ, ಆಮೇಲೆ ಮಾತು ಎಂಬುದು ಆ ಮನೆಯ ಕ್ರಮ. ಮರುದಿನ ರಾಮಗಿರಿಯ ದಾರಿಯಲ್ಲಿ ಒಂದು ಹೆಂಚಿನ ಮನೆ ತೋರಿಸಿದ. ಜಗಲಿಯಲ್ಲಿ ಕೂತರೆ ನೇರ ಎದುರಿಗೆ ಬೆಟ್ಟ. ನಾನು ಕೂತೆ. ಏಳಲಿಲ್ಲ. ಈ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹಿಂದೊಮ್ಮೆ ರಾಘವೇಂದ್ರ ಸ್ವಾಮೀಜಿ ಕರಾವಳಿಯ ಕಡೆಯಿಂದ ಬಂದು, ಯೋಗ ಕಲಿಸಿ, ಔಷಧಿ ಕೊಟ್ಟು, ಭಿಕ್ಷೆ ಬೇಡಿ ಅನಾಥಸೇವಾಶ್ರಮ ಕಟ್ಟಿ, ತಿರುಕ ಎಂದು ಹೆಸರಿಟ್ಟುಕೊಂಡು 1996ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯವರೇ ಆಗಿಹೋದರು. ಅವರು ಬರುವಾಗ ಖಾಲಿ ಬಾಟಲಿ ತಂದಿರಲಾರರು. ಇದನ್ನು ಮನಸ್ಸಿನಲ್ಲೇ ಅಂದುಕೊಂಡೆ.

ಹಿತ್ತಲಿನ ಬೋರಿನ ನೀರನ್ನು ನನ್ನಾಕೆ ಬೊಗಸೆಯಲ್ಲಿ ಹಿಡಿದು, ಬಾಯಿಗೆ ಹಾಕಿ, ಗೋಡೆ ಬದಿಗೆ ಉಗಿದಳು. "ಸವುಳು." ಆದರೂ ನ್ಯಾಯವಾಗಿ ನಾಲ್ಕನೇ ಬಾಟಲಿ ತುಂಬಿಸಲೇಬೇಕಲ್ಲ, ಅದನ್ನು ಭಾವಮೈದನ ಕೈಗೆ ಕೊಟ್ಟಳು.

ಬೆಂಗಳೂರಿನ ಅಡುಗೆಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕು ಪಾತ್ರೆ, ಒಂದೊಂದರಲ್ಲೂ ಒಂದು ಹಿಡಿ ತೊಗರಿಬೇಳೆ. ಕುಕ್ಕರ್ ಇಲ್ಲ, ಕುಕ್ಕರ್ ಮೋಸ ಮಾಡುತ್ತದಂತೆ. ಹಿರಿಯೂರು ಮುಕ್ಕಾಲು ಗಂಟೆಯಾದರೂ ಕಾಳು ಕಾಳಾಗೇ ಇತ್ತು. ದುರ್ಗ ಒಳಗೆ ಬೆಂದು ಹೊರಗೆ ಬಿಗಿದುಕೊಂಡಿತ್ತು, ಕೋಟೆಯ ಊರಲ್ಲವೇ. ಹೊಸದುರ್ಗ ಪರವಾಗಿಲ್ಲ. ಹೊಳಲ್ಕೆರೆಯ ಬೇಳೆ ಮಾತ್ರ ಸೌಟು ತಾಗಿಸಿದರೆ ಬೆಣ್ಣೆ. ನನ್ನಾಕೆ ನಂಬದೆ ಎರಡು ಸಲ ಹಿಸುಕಿ ನೋಡಿ ತಮ್ಮನಿಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಅವನ ದನಿ: "ಅಯ್ಯೋ, ಅದಾ ಅಕ್ಕ? ಬೋರಿನ ನೀರು ಬೆಂಗಳೂರು ತನಕ ಯಾಕೆ ಹೊರಿಸೋದು ಅಂತ ಶುದ್ಧ ನೀರಿನ ಘಟಕದಲ್ಲಿ ತುಂಬಿಸ್ದೆ. ಕಾಯಿನ್ ಹಾಕಿದ್ರೆ ಬರ್ತದಲ್ಲ, ಅದು. ನಾವೆಲ್ಲ ಕುಡಿಯೋದೂ ಅದನ್ನೇ."

ನಾನು ಉಸಿರು ಬಿಗಿಹಿಡಿದು ಕೂತೆ. ಅವಳು ಬೆಂದ ಬೇಳೆಗೆ ಸಾರಿನ ಪುಡಿ ಹಾಕಿ ಒಂದು ಸುತ್ತು ತಿರುವಿದಳು.

"ಆ ಘಟಕ," ಎಂದಳು ಫೋನಿಗೆ, "ಜಗಲಿ ಮನೆಯಿಂದ ಎಷ್ಟು ದೂರ ಆಗ್ತದೋ?"